ಕಾಲು ಊರಿದವರ ಹೊಳೆ

ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಹೊಳೆ ಆಗಷ್ಟೇ ಹರಿಯುವುದನ್ನು ಕಲಿತಿತ್ತು. ಮೀನು ಹಿಡಿಯಲು ಬಂದವರಿಗೆಲ್ಲ ಅದು ಒಂದೇ ಒಂದು ಕಟ್ಟಳೆ ಹಾಕಿತ್ತು.

"ನೀರಲ್ಲಿ ಯಾರು ಕಾಲು ಊರ್ತಾರೋ ಆ ಜಾಗ ಅವರದು. ಕಾಲು ತೆಗೆದ್ರೆ ಜಾಗ ಹೋಯ್ತು."

ಮಳೆಗಾಲದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಹೊಳೆ ಅಗಲವಾಗಿತ್ತು, ಜಾಗ ಬೇಕಾದಷ್ಟಿತ್ತು. ಆಮೇಲೆ ಮೊದಲ ಬೇಸಿಗೆ ಬಂತು ನೋಡಿ! ಹೊಳೆ ಬತ್ತಿ ಬತ್ತಿ ಒಂದು ಮಡುವಾಗಿ ಉಳಿಯಿತು. ಕೊಕ್ಕರೆ ಬಂದು ಕಾಲು ಊರಿತು. ನೀರುನಾಯಿ ಬಂದು ಕಾಲು ಊರಿತು. ಬೆಳ್ಳಕ್ಕಿಗಳ ಬಳಗವೇ ಬಂದು ಕಾಲು ಊರಿತು. ಮೀನು ಮುಟ್ಟದ ಎಮ್ಮೆಯೂ ಬಂದು ನಟ್ಟನಡುವೆ ನಿಂತಿತು. ಅದಕ್ಕೆ ಹೇಳುವವರು ಯಾರು?

ಎಲ್ಲರಿಗಿಂತ ಕೊನೆಗೆ ಬಂದದ್ದು ಮಿಂಚುಳ್ಳಿ. ಪಾಪ, ಅದಕ್ಕೆ ಮನೆ ಬಿಟ್ಟು ಬರಲು ಆಗಿರಲಿಲ್ಲ. ದಡದ ಬಿಲದಲ್ಲಿ ಪುಟ್ಟ ಮರಿಗಳಿದ್ದವು, ನಿನ್ನೆಯಿಂದ ಅವುಗಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಕೊಕ್ಕರೆಯಣ್ಣ, ಚೂರು ಸರೀತೀಯಾ?"

"ಬೆಳಕು ಹರಿಯೋ ಮುಂಚೆ ಬಂದು ನಿಂತಿದೀನಿ. ಮುಂದೆ ಹೋಗು."

ಮುಂದೆ ಹೋದರೆ ನೀರುನಾಯಿ ಹಲ್ಲು ಕಿರಿಯಿತು. ಇನ್ನೂ ಮುಂದೆ ಹೋದರೆ ಆಳ, ಮಿಂಚುಳ್ಳಿಯ ಗಿಡ್ಡ ಕಾಲು ಎಟುಕದು. ಕೊನೆಗೆ ಎಮ್ಮೆಯ ಹಿಂದೆ ಚೂರು ಜಾಗ ಸಿಕ್ಕಿತು. ಮಿಂಚುಳ್ಳಿ ಕಾಲು ಊರಿತು. ಕೆಂಬಾಲದ ಮೀನೊಂದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಅಷ್ಟರಲ್ಲಿ ಎಮ್ಮೆ ಬಾಲ ಬೀಸಿತು! ಮಿಂಚುಳ್ಳಿ ಬೆಚ್ಚಿ ಹಾರಿತು. ಕಾಲು ಎದ್ದದ್ದೇ ತಡ, ಬೆಳ್ಳಕ್ಕಿಯೊಂದು ಅಲ್ಲಿ ಬಂದು ನಿಂತಿತು.

"ಅದು ನನ್ನ ಜಾಗ!"

"ಕಾಲು ತೆಗೆದೆಯಲ್ಲಾ?" ಎಂದಿತು ಬೆಳ್ಳಕ್ಕಿ.

ಮಿಂಚುಳ್ಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಈ ಕೊಂಬೆಗೆ ಹಾರಿತು, ಆ ಕೊಂಬೆಗೆ ಹಾರಿತು. ಬಿಲದಿಂದ ಮರಿಗಳ ಕೂಗು ಕೇಳುತ್ತಲೇ ಇತ್ತು. ಇಷ್ಟಾಗಿ ಮಡುವಿನಲ್ಲಿ ನಿಂತವರಿಗಾದರೂ ಮೀನು ಸಿಕ್ಕಿತೇ? ಒಂದೂ ಇಲ್ಲ. ಅಷ್ಟು ಕಾಲು ಕದಡಿದ ನೀರಿನಲ್ಲಿ ಏನು ಕಂಡೀತು? ಆದರೂ ಯಾರೂ ಜಾಗ ಬಿಡಲೊಲ್ಲರು.

"ಕೂತಲ್ಲಿ ಕೂರಲ್ವಲ್ಲೇ ನೀನು! ಚೂರು ಕೆಳಗೆ ನೋಡು," ಎಂದಿತು ಗಾಳಿ.

ಮಿಂಚುಳ್ಳಿ ಕೆಳಗೆ ನೋಡಿತು. ನೀರಲ್ಲಿ ನಿಂತವರಿಗೆ ಕಾಣದ್ದೆಲ್ಲ ಮೇಲಿನಿಂದ ಕಾಣುತ್ತಿತ್ತು. ಕೆಂಬಾಲದ ಮೀನು ಕೊಕ್ಕರೆಯ ನೆರಳಿನಲ್ಲೇ, ಅದರ ಎರಡು ಕಾಲುಗಳ ಹಿಂದೆಯೇ ತಣ್ಣಗೆ ಅಡಗಿ ಕೂತಿತ್ತು.

"ನನ್ನ ನೀರಲ್ಲಿ ಕಾಲಿಟ್ಟೀಯ, ಹುಷಾರ್!" ಎಂದು ಕೊಕ್ಕರೆ ಗದರಿತು.

"ಕಾಲಿಡಲ್ಲ ಹೋಗೋ!" ಎಂದ ಮಿಂಚುಳ್ಳಿ ಕಾಲೆರಡನ್ನೂ ಗರಿಯೊಳಗೆ ಮಡಚಿಕೊಂಡು, ತಲೆ ಕೆಳಗಾಗಿ, ಕಲ್ಲು ಬಿದ್ದ ಹಾಗೆ ಬಿತ್ತು. ಬುಳಕ್! ಕೊಕ್ಕಿನಲ್ಲಿ ಮೀನು ಹಿಡಿದುಕೊಂಡೇ ಎದ್ದಿತು.

"ಅನ್ಯಾಯ! ಹೊಳೆಯಮ್ಮಾ, ನನ್ನ ಜಾಗದ ಮೀನು!" ಎಂದು ಕೊಕ್ಕರೆ ಕೂಗಿತು.

ಇಷ್ಟು ಹೊತ್ತೂ ಕಾಲುಗಳ ಭಾರಕ್ಕೆ ನರಳುತ್ತಿದ್ದ ಹೊಳೆ ಈಗ ನಕ್ಕಿತು. "ಅವಳು ಕಾಲೆಲ್ಲಿ ಊರಿದಳು? ಕೊಕ್ಕಿಗೆ ನಾನು ಕಟ್ಟಳೆ ಹಾಕಿಲ್ಲ."

ಕೊಕ್ಕರೆ ಸಿಟ್ಟಿನಿಂದ ಅಟ್ಟಿಸಿಕೊಂಡು ಹೋಗಲು ಒಂದು ಕಾಲು ಎತ್ತಿತು. ಇನ್ನೊಂದನ್ನು ಎತ್ತಬೇಕು, ಆಗ ಪಕ್ಕದಲ್ಲಿ ನೀರುನಾಯಿ ಕಾಯುತ್ತಿರುವುದು ಕಂಡಿತು. ಎತ್ತಿದರೆ ಜಾಗ ಹೋಯಿತು! ಎತ್ತಿದ್ದನ್ನು ಇಳಿಸಲು ಸಿಟ್ಟು ಬಿಡದು. ಕೊಕ್ಕರೆ ಹಾಗೇ ನಿಂತುಬಿಟ್ಟಿತು.

ಮಿಂಚುಳ್ಳಿ ಮೀನನ್ನು ಕೊಂಬೆಗೆ ಬಡಿದು ಬಿಲಕ್ಕೆ ಒಯ್ದಿತು. ಒಂದು ಮರಿಯ ಬಾಯಿ ಮುಚ್ಚಿತು, ಉಳಿದವು ಕೂಗಿದವು. ಮತ್ತೆ ಕೊಂಬೆಗೆ ಬಂತು, ಮತ್ತೆ ಬಿತ್ತು. ಕೊನೆಯ ಮರಿಯ ಹೊಟ್ಟೆಯೂ ತುಂಬಿದಾಗ ಬಿಲದೊಳಗೆ ಸದ್ದಿರಲಿಲ್ಲ. ಬಾಗಿಲಲ್ಲಿ ಕೂತ ತಾಯಿಗೆ ಆ ಮೌನ ಎಷ್ಟು ಹಿತವಾಗಿತ್ತು!

ಅದಕ್ಕೇ ಮಗೂ, ಇವತ್ತಿಗೂ ಬೇಸಿಗೆಯ ಹೊಳೆಗೆ ಹೋದರೆ ಮಿಂಚುಳ್ಳಿ ಕಾಲು ಮಡಚಿಕೊಂಡು ಕೊಕ್ಕು ಮುಂದಾಗಿ ಧುಮುಕುವುದನ್ನು ನೀನು ನೋಡುತ್ತೀಯ, ಮತ್ತು ಅಲ್ಲೇ ಪಕ್ಕದಲ್ಲಿ ಎತ್ತಿದ ಕಾಲನ್ನು ಇಳಿಸದೆ, ಊರಿದ ಕಾಲನ್ನು ತೆಗೆಯದೆ, ಕೊಕ್ಕರೆ ತನ್ನ ಜಾಗ ಕಾಯುತ್ತಾ ನಿಂತೇ ಇರುತ್ತದೆ.