ನಡುಗಡ್ಡೆಗೆ ಬಿಸಾಕಿದ ದಾಸಿ

ಕೂತ್ಕೊಳ್ರಪ್ಪಾ, ಗಲಾಟೆ ಬೇಡ. ಏಳು ಗುಡ್ಡದ ಮೇಲೆ ಕಟ್ಟಿದ ರೋಮ್ ಅನ್ನೋ ಪಟ್ಟಣದಲ್ಲಿ ಗರ್ಗಿಲಿಯ ಅಂತ ಒಬ್ಬ ರೊಟ್ಟಿ ವ್ಯಾಪಾರಿ ಇದ್ದ. ಬೀಸುವ ಕಲ್ಲಿಗೆ ಕತ್ತೆಗಳನ್ನೂ ಕಟ್ಟುತ್ತಿದ್ದ, ಮನುಷ್ಯರನ್ನೂ ಕಟ್ಟುತ್ತಿದ್ದ. ಕತ್ತೆಗಾದರೂ ಹೊಟ್ಟೆ ತುಂಬ ಹುಲ್ಲು ಸಿಗುತ್ತಿತ್ತು.

ಆ ಮನುಷ್ಯರು ಅವನು ಸಂತೆಯಲ್ಲಿ ಕೊಂಡು ತಂದ ದಾಸರು. ಯಾರಾದರೂ ಕಾಯಿಲೆ ಬಿದ್ದರೆ ಗರ್ಗಿಲಿಯ ವೈದ್ಯನನ್ನು ಕರೆಸುತ್ತಿರಲಿಲ್ಲ. ನದಿಯ ನಡುವೆ ಒಂದು ನಡುಗಡ್ಡೆ, ಅಲ್ಲೊಂದು ವೈದ್ಯದೇವರ ಗುಡಿ. ಅಲ್ಲಿ ಬಿಸಾಕಿ ಬರುತ್ತಿದ್ದ. ಮುದುಕ ದಾಮನಿಗೆ ಕೆಮ್ಮು ಬಂತು, ಬಿಸಾಕಿದ. ದಾಮ ಸತ್ತ. ಒಲೆ ಕಾಯುವ ಕ್ರೆಸ್ತಳ ಕೈ ಸುಟ್ಟು ಕೀವಾಯಿತು, ಬಿಸಾಕಿದ. ಕ್ರೆಸ್ತಳೂ ಸತ್ತಳು. ಆಮೇಲೆ ಹಿಲಾರಳಿಗೆ ಜ್ವರ ಬಂತು. ಹದಿನೆಂಟು ವರ್ಷ ಅವನ ಹಿಟ್ಟು ಬೀಸಿದವಳು. ಅವಳನ್ನೂ ಅಲ್ಲೇ ಬಿಸಾಕಿದ.

"ಒಡೆಯಾ, ಒಂದು ಬೊಗಸೆ ನೀರು ಕೊಟ್ಟು ಹೋಗಿ," ಅಂದಳು.

ಅವನು ತಿರುಗಿಯೂ ನೋಡಲಿಲ್ಲ. ಅವನ ಮನೆ ಹಾಳಾಗ!

ಆದರೆ ಹಿಲಾರ ಸಾಯಲಿಲ್ಲ. ಗುಡಿಯ ಕಸ ಗುಡಿಸುವ ಮುದುಕಿ ಗಂಜಿ ಕುಡಿಸಿ ಉಳಿಸಿಕೊಂಡಳು. "ಹೆದರಬೇಡ ಮಗಳೇ, ಚಕ್ರವರ್ತಿ ಹೊಸ ಕಟ್ಟಳೆ ಮಾಡಿದ್ದಾನೆ. ಕಾಯಿಲೆ ಅಂತ ಬಿಸಾಕಿದವರು ಬದುಕಿಕೊಂಡರೆ ಆಮೇಲೆ ಯಾರ ದಾಸರೂ ಅಲ್ಲವಂತೆ," ಅಂದಳು.

ಹಿಲಾರ ಎದ್ದು ಓಡಾಡುತ್ತಿದ್ದಾಳೆ ಅಂತ ಗರ್ಗಿಲಿಯನ ಕಿವಿಗೆ ಬಿತ್ತು. ಓಡೋಡಿ ಬಂದ. "ಲೇ, ನಡಿ ಕಲ್ಲಿಗೆ!" ಅವಳು ಕಟ್ಟಳೆ ಹೇಳಿ ಒಲ್ಲೆ ಅಂದಳು. ಎಳಕೊಂಡು ಹೋಗಿ ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸಿದ.

"ನಾನು ಬಿಸಾಕಲಿಲ್ಲ ಸ್ವಾಮೀ. ಔಷಧಿಗೆ ಅಂತ ಕಳಿಸಿದ್ದೆ."

"ಹಾಗಾದರೆ ಇವಳು ಯಾರವಳು?"

"ನನ್ನವಳು."

"ಇನ್ನೊಂದು ಸಲ ಹೇಳು, ಯಾರವಳು?"

"ನನ್ನವಳೇ ಸ್ವಾಮೀ."

ಗುಡಿಯ ಮುದುಕಿಯೂ ದಾಸಿಯೇ. ಅವಳ ಸಾಕ್ಷಿ ಯಾರಿಗೆ ಬೇಕು? ಮತ್ತೆ ಆ ಕಲ್ಲಿಗೆ ಹೋಗೋದಾ? ಹಿಲಾರ ಥಟ್ಟನೆ ಗರ್ಗಿಲಿಯನ ಕಾಲಿಗೆ ಬಿದ್ದಳು.

"ಹೌದು ಒಡೆಯಾ, ನಾನು ನಿಮ್ಮವಳೇ. ನೀವೇ ಕಾಪಾಡಬೇಕು! ನಿನ್ನೆ ಗಂಜಿ ಕಾಯಿಸುವಾಗ ನನ್ನ ಒಲೆಯಿಂದ ಕಿಡಿ ಹಾರಿತು. ದಡದಲ್ಲಿದ್ದ ಸೇನಾಪತಿಯವರ ದೋಣಿ ಸುಟ್ಟು ಬೂದಿಯಾಯಿತು!"

ಆ ಊರಲ್ಲಿ ದಾಸಿ ಮಾಡಿದ ಹಾನಿಗೆ ಒಡೆಯನೇ ಹೊಣೆ. ಸೇನಾಪತಿಯೋ, ಸಾಕ್ಷಾತ್ ಯಮ.

ಅಧಿಕಾರಿ ಮೂರನೇ ಸಲ ಕೇಳಿದ. "ಯಾರವಳಯ್ಯಾ ಇವಳು?"

"ಅಯ್ಯೋ, ನನ್ನವಳಲ್ಲ! ಜ್ವರ ಬಂದ ದಿನವೇ ಬಿಸಾಕಿದೆ. ಸಾಯಲಿ ಅಂತಲೇ ಬಿಸಾಕಿದೆ. ದೇವರಾಣೆ!"

"ಬರೆದುಕೋ," ಅಂದ ಅಧಿಕಾರಿ ಗುಮಾಸ್ತನಿಗೆ. "ಇವಳು ಇನ್ನು ಯಾರ ದಾಸಿಯೂ ಅಲ್ಲ. ಎಲ್ಲಮ್ಮಾ ಆ ಸುಟ್ಟ ದೋಣಿ?"

"ಯಾವ ದೋಣಿಯೂ ಸುಟ್ಟಿಲ್ಲ ಸ್ವಾಮೀ," ಅಂದಳು ಹಿಲಾರ.

ಗರ್ಗಿಲಿಯ ಎದೆ ಬಡಿದುಕೊಂಡ. "ಮೋಸ! ಇವಳು ನನ್ನವಳೇ!"

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಡಿ ಆಚೆ!" ಅಂದ ಅಧಿಕಾರಿ.

ಚಪ್ಪಾಳೆ ತಟ್ಟಬೇಡ್ರೋ, ಇನ್ನೂ ಇದೆ. ಹಿಲಾರ ಒಂದು ದಾರಿ ಹಿಡಿದು ತನ್ನ ಪಾಡಿಗೆ ಹೋದಳು. ಗರ್ಗಿಲಿಯ ಇನ್ನೊಂದು ದಾರಿ ಹಿಡಿದು ನೇರ ಸಂತೆಗೆ ಹೋದ, ಬೇರೊಬ್ಬಳನ್ನು ಕೊಂಡು ತಂದ. ಅದನ್ನು ತಡೆಯುವ ಕಟ್ಟಳೆ ಆ ಊರಲ್ಲಿ ಇರಲಿಲ್ಲ.

ಇದರ ನೀತಿ ಕೇಳಿಕೊಳ್ಳಿ. ದುಡಿಸುವಾಗ ನನ್ನವಳು, ಕಷ್ಟ ಬಂದಾಗ ಯಾರವಳೋ ಅನ್ನುವವನು ತನ್ನ ಬಾಯಿಂದಲೇ ಕೆಡುತ್ತಾನೆ. ಆದರೆ ಮನುಷ್ಯರನ್ನು ಮಾರುವ ಸಂತೆ ನಡೆಯುವ ತನಕ, ಒಬ್ಬಳು ತಪ್ಪಿಸಿಕೊಂಡಳು ಅಂತ ಆ ಊರಿಗೆ ನ್ಯಾಯ ಬಂತು ಅನ್ನಬೇಡಿ.