ಹೊನ್ನನ ಸೊಂಟದ ಹಗ್ಗ

ಹೊಳೆದಂಡೆಯ ಆ ಆಶ್ರಮದಲ್ಲಿ ಮಳೆಗಾಲವೆಂದರೆ ಕಥೆಯಾಟ.

ಒಬ್ಬ ಶಿಷ್ಯ ಕಥೆ ನಡೆಸುತ್ತಾನೆ. ಇನ್ನೊಬ್ಬ ಆ ಕಥೆಯೊಳಗೆ ಒಬ್ಬ ಮನುಷ್ಯನಾಗಿ, ತಾನು ಏನು ಮಾಡುತ್ತೇನೆಂದು ಹೇಳುತ್ತಾ ಹೋಗುತ್ತಾನೆ. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂದು ತಿಳಿಯಲು ಆರು ಕವಡೆ ಎಸೆಯುತ್ತಾರೆ. ಹೆಚ್ಚು ಕವಡೆ ಬೋರಲಾಗಿ ಬಿದ್ದರೆ ಕೈಗೂಡಲಿಲ್ಲ. ಕವಡೆ ಬಿದ್ದ ಮೇಲೆ ಮಾತಿಲ್ಲ. ಅದು ಗುರುಗಳೇ ಮಾಡಿದ ನಿಯಮ.

ಮಳೆ ಬಿಟ್ಟಿದ್ದ ಒಂದು ಬೆಳಿಗ್ಗೆ, ಹೊಂಗೆಯ ಕೆಳಗೆ ಕೂತಿದ್ದ ಗುರುಗಳ ಬಳಿಗೆ ಸೋವಿದೇವ ಬಂದ.

"ಗುರುಗಳೇ, ಕೇತಯ್ಯ ಆಶ್ರಮ ಬಿಟ್ಟು ಹೊರಟಿದ್ದಾನೆ."

ಕೆಳಗೆ ಹೊಳೆಯ ಮೆಟ್ಟಿಲ ಮೇಲೆ ಕೇತಯ್ಯ ಗಂಟು ಕಟ್ಟಿಕೊಂಡು ಹರಿಗೋಲಿಗೆ ಕಾಯುತ್ತಿದ್ದ.

"ಯಾಕೆ?"

"ನಿನ್ನೆ ನಾನು ನಡೆಸಿದ ಆಟದಲ್ಲಿ ಅವನ ಹೊನ್ನ ಮುಳುಗಿ ಸತ್ತ."

ಹೊನ್ನ ಕೇತಯ್ಯನ ತಮ್ಮನ ಹೆಸರು. ನಾಲ್ಕು ವರ್ಷದ ಹಿಂದೆ ಇದೇ ಹೊಳೆ ಅವನನ್ನು ಒಯ್ದಿತ್ತು. ಅಂದಿನಿಂದ ಆಟದಲ್ಲಿ ಕೇತಯ್ಯ ಬೇರೆ ಹೆಸರು ಇಟ್ಟುಕೊಂಡಿರಲಿಲ್ಲ.

"ಅವನು ಏನನ್ನುತ್ತಾನೆ?"

"ನೀರಿಗೆ ಇಳಿಯುವ ಮೊದಲೇ ಸೊಂಟಕ್ಕೆ ಹಗ್ಗ ಕಟ್ಟಿದ್ದೆ ಅಂತ."

"ಕಟ್ಟಿದ್ದನೋ?"

ಸೋವಿದೇವ ತಲೆ ತಗ್ಗಿಸಿದ. "ಕಟ್ಟುತ್ತೇನೆ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಅಷ್ಟರಲ್ಲಿ ಕವಡೆ ಎಸೆದಾಗಿತ್ತು. ಆರೂ ಬೋರಲು. ನಾನೇನು ಮಾಡಲಿ? ಯಾರು ಸರಿ ಅಂತ ತಾವೇ ಹೇಳಿ. ಅವನು ಹೋದರೆ ನನಗೆ ಇಲ್ಲಿ ಇನ್ಯಾರಿದ್ದಾರೆ?"

"ಕವಡೆ ಇವೆಯೋ?"

"ಇವೆ."

"ಕೂತುಕೋ. ಈಗ ಕಥೆ ನಡೆಸುವವನು ನಾನು. ನೀನು ಮರದ ಕೆಳಗಿದ್ದೀಯ. ಗೆಳೆಯ ಮೆಟ್ಟಿಲ ಮೇಲಿದ್ದಾನೆ. ಹರಿಗೋಲು ದಡಕ್ಕೆ ಬಂತು. ಏನು ಮಾಡುತ್ತೀಯ?"

ಹರಿಗೋಲು ನಿಜಕ್ಕೂ ಬಂದಿತ್ತು.

"ಕೂಗುತ್ತೇನೆ. ನೀನು ಹಗ್ಗ ಕಟ್ಟಿದ್ದೆ ಕಣೋ, ನನಗೆ ಕೇಳಿಸಿತ್ತು, ಅಂತ ಕೂಗುತ್ತೇನೆ."

"ಎಸೆ."

ಸೋವಿದೇವ ಎಸೆದ. ಐದು ಬೋರಲು ಬಿದ್ದವು.

"ಅವನಿಗೆ ಕೇಳಿಸಲಿಲ್ಲ," ಎಂದರು ಗುರುಗಳು.

"ಅದು ಹೇಗೆ? ಇಪ್ಪತ್ತು ಹೆಜ್ಜೆ ದೂರವಿಲ್ಲ. ಅವನೇನು ಕಿವುಡನೇ?"

"ಗಾಳಿ ಇತ್ತು."

"ಎಲ್ಲಿದೆ ಗಾಳಿ? ಒಂದು ಎಲೆ ಅಲ್ಲಾಡುತ್ತಿಲ್ಲ!"

"ಕವಡೆ ಬಿದ್ದಾಗಿದೆ."

"ಇದು ಅನ್ಯಾಯ. ನಾನು ಗಂಟಲು ಹರಿಯುವಂತೆ ಕೂಗಿದ್ದೆ."

"ಎಸೆಯುವ ಮೊದಲು ಹಾಗೆ ಹೇಳಲಿಲ್ಲ."

"ಅದನ್ನೂ ಹೇಳಬೇಕೇ? ಹೋಗುವವನನ್ನು ಯಾರಾದರೂ ಮೆಲ್ಲಗೆ ಕೂಗುತ್ತಾರೆಯೇ? ನೋಡಿ, ಎಷ್ಟು ಹತ್ತಿರ ಅಂತ ತಾವೇ ನೋಡಿ!"

ತೋರಿಸಲು ಎದ್ದು ತಿರುಗಿದ.

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಹರಿಗೋಲು ನಡುಹೊಳೆ ದಾಟಿತ್ತು. ಕೇತಯ್ಯ ಈ ಕಡೆಗೆ ಬೆನ್ನು ಹಾಕಿ ಕೂತಿದ್ದ.

ಸೋವಿದೇವ ಕೂಗಿದ. ಹೊಳೆಯ ಸದ್ದು ಅದಕ್ಕಿಂತ ದೊಡ್ಡದಿತ್ತು.

ಗುರುಗಳು ಕವಡೆಗಳನ್ನು ಒಂದೊಂದಾಗಿ ಆಯ್ದು ಅವನ ಅಂಗೈಯಲ್ಲಿಟ್ಟರು.

"ನಿಯಮ ಒಂದೂ ಮುರಿದಿಲ್ಲ, ಸೋವಿ. ಆಟ ನಡೆಸು."