ಬಯಲೂರಿನ ಬಾತುಕೋಳಿ

ರೊಟ್ಟಿ ತಟ್ಟಿದ ಹಾಗೆ ಚಪ್ಪಟೆಯಾದ ಒಂದು ಕಾಲೇಜು ಊರು. ಅಲ್ಲಿನ ವಿದ್ಯಾರ್ಥಿಗಳು ಟ್ರಯಥ್ಲಾನಿಗೆಂದು ಕೆರೆಯಲ್ಲಿ ಈಜುವುದು, ಸೈಕಲ್ ತುಳಿಯುವುದು, ಓಡುವುದು ನೋಡಿ ನೋಡಿ ಚಂಪಿ ಎಂಬ ಬಾತುಕೋಳಿಗೂ ಅದೇ ಗೀಳು ಹತ್ತಿತು. ದಿನಾ ಬೆಳಿಗ್ಗೆ ಕೆರೆ ಈಜುವಳು, ಏರಿಯುದ್ದಕ್ಕೂ ರೆಕ್ಕೆ ಬಡಿದು ಹಾರುವಳು, ಆಮೇಲೆ ಎದುರುಗಾಳಿಗೆ ಎದೆಯೊಡ್ಡಿ ಓಡುವಳು.

ಬೆಟ್ಟದಿಂದ ಬಂದಿದ್ದ ಹೋತರಾಯ ಗಡ್ಡ ಅಲ್ಲಾಡಿಸಿ ನಕ್ಕ. “ಏರು ಕಾಣದ್ದೂ ಒಂದು ಕಾಲೇ? ಊರಾಚೆಯ ಆಲದ ಮರದವರೆಗೆ ಓಡೋಣ ಬಾ. ಸೋತರೆ ಈ ಹುಚ್ಚಾಟ ಬಿಡಬೇಕು.”

“ಕೆರೆಯಿಂದಲೇ ಶುರು ಮಾಡೋಣವೇ?”

“ನೀರು ನನಗಾಗದು.”

“ಸರಿ, ನೆಲದ ಮೇಲೆಯೇ ಆಗಲಿ. ಬಿಡುವ ಮಾತು ಮಾತ್ರ ಆಡಬೇಡಿ.”

ಊರಿಗಿದ್ದ ಒಂದೇ ಏರೆಂದರೆ ರೈಲ್ವೆ ಮೇಲ್ಸೇತುವೆ. ಹೋತರಾಯ ನಾಲ್ಕು ನೆಗೆತಕ್ಕೆ ಅದರ ನೆತ್ತಿ ಮುಟ್ಟಿದ. ಬೆಟ್ಟದ ರೂಢಿಯಂತೆ ಅಲ್ಲೇ ನಿಂತು, ಕೊಂಬೆತ್ತಿ, “ಗೆದ್ದೆ!” ಎಂದು ಕೂಗಿದ. ಗೋಡೆಗೆ ಅಂಟಿಸಿದ್ದ ಪೋಸ್ಟರನ್ನೂ ಒಂದಿಷ್ಟು ಮೇಯ್ದ. ಅಷ್ಟರಲ್ಲಿ ಚಂಪಿ ತಪತಪನೆ ಹತ್ತಿ, ಅವನನ್ನು ದಾಟಿ, ಇಳಿದೂ ಹೋಗಿದ್ದಳು.

ಹೋತರಾಯ ಬೆನ್ನಟ್ಟಿದ. ಮುಂದೆ ಬರೀ ಬಯಲು, ಮುಖಕ್ಕೆ ರಾಚುವ ಗಾಳಿ. ಏದುಸಿರು ಬಿಡುತ್ತ ಕೂಗಿದ: “ಏ ಚಂಪಿ, ಇದರ ತುದಿ ಎಲ್ಲಿ?”

ಚಂಪಿ ತಿರುಗಿ ನೋಡದೆ ಹೇಳಿದಳು: “ನಿಂತು ಮೆರೆಯೋಕೆ ನಮ್ಮೂರಲ್ಲಿ ತುದಿಯೇ ಇಲ್ಲ, ಸ್ವಾಮಿ. ಓಡಿ!”

ಆಲದ ಮರ ಬಂತು. ಅವಳು ಅದನ್ನೂ ದಾಟಿ ಓಡಿದಳು.